ಡಿಸ್ಕ್ ಇಲ್ಲದ ಗಣಕಯಂತ್ರದ ನೆನಪು ಎಲ್ಲಿದೆ?



ಕನ್ನಡ ಪಾಠ ಮಾಡುವ ಮಿಸ್ ಗಣಕಯಂತ್ರದ ಪಾಠಕ್ಕೆ ಏಕೆ ಕೈ ಹಾಕಿದರು ಎಂದು ನಿಮಗೆ ಆಶ್ಚರ್ಯವಾಗಬಹುದು. ಅದಕ್ಕೆ ನಾನೇ ಮಾಡಿದ ಒಂದು ತಪ್ಪು ಕಾರಣ.

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಶಾಲೆಯಲ್ಲಿದ್ದೆ. ಏಳನೆಯ ತರಗತಿಯ ಮಕ್ಕಳನ್ನು ಗಣಕಯಂತ್ರ ಕೊಠಡಿಗೆ ಕರೆದುಕೊಂಡು ಹೋಗಿ ‘ನನ್ನ ಅಜ್ಜಿಯ ಊರು’ ಎಂಬ ಪ್ರಬಂಧವನ್ನು ಕನ್ನಡದಲ್ಲಿಯೇ ಟೈಪ್ ಮಾಡಿಸಿದೆ. ಎರಡು ಪೀರಿಯಡ್ ಮುಗಿದರೂ ಯಾರದೂ ಪೂರ್ತಿಯಾಗಲಿಲ್ಲ. “ಡೆಸ್ಕ್‌ಟಾಪ್ ಮೇಲೆ ಉಳಿಸಿಡಿ, ನಾಳೆ ಇದೇ ಜಾಗದಲ್ಲಿ ಕೂತು ಮುಂದುವರಿಸೋಣ” ಎಂದೆ. ಮರುದಿನ ಎಲ್ಲರೂ ಅವರವರ ಜಾಗದಲ್ಲೇ ಕುಳಿತರು. ಯಂತ್ರಗಳನ್ನು ಹಾಕಿದರೆ ಪರದೆ ತೊಳೆದಿಟ್ಟ ಸ್ಲೇಟಿನ ಹಾಗಿತ್ತು. ಒಬ್ಬರದೂ ಒಂದು ಸಾಲೂ ಉಳಿದಿರಲಿಲ್ಲ.

ಒಬ್ಬ ಹುಡುಗಿ ಆ ಪ್ರಬಂಧಕ್ಕಾಗಿಯೇ ಶಿರಸಿಯ ಹತ್ತಿರದ ತನ್ನ ಅಜ್ಜಿಗೆ ಫೋನ್ ಮಾಡಿ, ಹಿತ್ತಲಲ್ಲಿರುವ ಗಿಡಗಳ ಹೆಸರನ್ನೆಲ್ಲ ಕೇಳಿಕೊಂಡು ಬಂದಿದ್ದಳು. ಅವಳು ಕಣ್ಣು ತುಂಬಿಕೊಂಡು, “ಮಿಸ್, ನಿನ್ನೆ ನಾನು ಇದೇ ಕಂಪ್ಯೂಟರಿನಲ್ಲೇ ಕೂತಿದ್ದೆ. ಇದಕ್ಕೆ ನೆನಪೇ ಇಲ್ಲವಾ?” ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಕೊಠಡಿಯನ್ನು ನೋಡಿಕೊಳ್ಳುತ್ತಿದ್ದವರು ಒಂದು ಯಂತ್ರದ ಪೆಟ್ಟಿಗೆ ಬಿಚ್ಚಿ ತೋರಿಸಿದರು. ಅದರೊಳಗೆ ಹಾರ್ಡ್ ಡಿಸ್ಕ್ ಇರಬೇಕಾದ ಜಾಗ ಖಾಲಿಯಾಗಿತ್ತು!

ಅಂದು ಆ ಹುಡುಗಿಗೆ ಕೊಡಲಾಗದ ಉತ್ತರವನ್ನು ಹುಡುಕುತ್ತಾ ನಾನು ಕಲಿತದ್ದೇ ಈ ಪಾಠ.

1. ಡಿಸ್ಕ್ ರಹಿತ ಜಾಲ ಎಂದರೇನು?

ಊರಿನ ಮದುವೆಯ ಪಂಕ್ತಿ ಊಟವನ್ನು ನೆನಪಿಸಿಕೊಳ್ಳಿ. ನಮ್ಮ ಮುಂದಿರುವ ಬಾಳೆಲೆಯಲ್ಲಿ ಮೊದಲಿಗೆ ಏನೂ ಇರುವುದಿಲ್ಲ. ಉಪ್ಪಿನಿಂದ ಪಾಯಸದವರೆಗೆ ಎಲ್ಲವೂ ಒಂದೇ ಅಡುಗೆಮನೆಯಿಂದ ಬರುತ್ತದೆ. ಬಡಿಸುವವರು ಎಲ್ಲರಿಗೂ ಒಂದೇ ಅಡುಗೆಯನ್ನು ಬಡಿಸುತ್ತಾರೆ. ಆದರೆ “ಕೊನೆಯಲ್ಲಿ ಕೂತಿರುವ ಮಾವನವರಿಗೆ ಪಾಯಸ ಬೇಡ, ಸಕ್ಕರೆ ಕಾಯಿಲೆ” ಎಂದು ಯಾರಾದರೂ ಹೇಳಿದ್ದರೆ ಅದನ್ನೂ ಪಾಲಿಸುತ್ತಾರೆ. ಊಟವಾದ ಮೇಲೆ ಎಲೆಯನ್ನು ಮಡಚಿ ಎಸೆಯುತ್ತೇವೆ.

ಡಿಸ್ಕ್ ರಹಿತ ಜಾಲವೂ ಹೀಗೆಯೇ. ನಾವು ಕುಳಿತುಕೊಳ್ಳುವ ಯಂತ್ರಕ್ಕೆ ಕ್ಲೈಂಟ್ ಎನ್ನುತ್ತಾರೆ. ಅದು ಖಾಲಿ ಎಲೆ. ಸರ್ವರ್ ಎಂಬ ಪದಕ್ಕೆ ಬಡಿಸುವವನು ಎಂದೇ ಅರ್ಥ. ಕಾರ್ಯಾಚರಣ ವ್ಯವಸ್ಥೆ, ಅಂದರೆ ಲಿನಕ್ಸ್ ಅಥವಾ ವಿಂಡೋಸ್‌ನಂತಹ ಮೂಲ ತಂತ್ರಾಂಶ, ಸರ್ವರ್‌ನಲ್ಲಿ ಮಾತ್ರ ಇರುತ್ತದೆ. ಸ್ವಿಚ್ ಹಾಕಿದಾಗ ಅದು ಜಾಲದ ಕೇಬಲ್ ಮೂಲಕ ಕ್ಲೈಂಟಿಗೆ ಬರುತ್ತದೆ.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಡಿಸ್ಕ್ ಇಲ್ಲವೆಂದ ಮಾತ್ರಕ್ಕೆ ಕ್ಲೈಂಟ್ ಬರೀ ಟಿವಿಯಂತಹ ಪರದೆಯಲ್ಲ. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ರ‍್ಯಾಮ್ ಇರುತ್ತವೆ. ಕಾರ್ಯಕ್ರಮಗಳು ಓಡುವುದು ಅದರಲ್ಲಿಯೇ. ಇಲ್ಲದಿರುವುದು ವಿದ್ಯುತ್ ಹೋದ ಮೇಲೂ ಉಳಿಯುವ ನೆನಪು ಮಾತ್ರ.

2. ಸ್ವಿಚ್ ಒತ್ತಿದ ಮೇಲೆ ನಡೆಯುವುದೇನು?

ಡಿಸ್ಕ್ ಇಲ್ಲದ ಯಂತ್ರ ಕಣ್ಣು ಬಿಟ್ಟಾಗ ಅದಕ್ಕೆ ತನ್ನ ಹೆಸರು ಗೊತ್ತಿರುವುದಿಲ್ಲ, ಸರ್ವರ್ ಎಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ. ಗೊತ್ತಿರುವುದು ಒಂದೇ: ಅದರ ಜಾಲ ಕಾರ್ಡಿನಲ್ಲಿ ಕಾರ್ಖಾನೆಯವರು ಬರೆದಿಟ್ಟ ಮ್ಯಾಕ್ ವಿಳಾಸ. ಇದು 48 ಬಿಟ್‌ಗಳ ಸಂಖ್ಯೆ. ಎರಡೆರಡು ಅಂಕಿಗಳ ಆರು ಜೋಡಿಯಾಗಿ, ಹದಿನಾರರ ಲೆಕ್ಕದಲ್ಲಿ ಇದನ್ನು ಬರೆಯುತ್ತಾರೆ. ಮೊದಲ ಮೂರು ಜೋಡಿ ತಯಾರಕರ ಗುರುತು, ಉಳಿದ ಮೂರು ಆ ಕಾರ್ಡಿನ ಗುರುತು.

ಮುಂದಿನ ಕೆಲಸ ನಾಲ್ಕು ಹೆಜ್ಜೆಗಳಲ್ಲಿ ನಡೆಯುತ್ತದೆ.

ಮೊದಲ ಹೆಜ್ಜೆ: ಕ್ಲೈಂಟ್ ಇಡೀ ಜಾಲಕ್ಕೆ ಕೇಳುವಂತೆ “ನನ್ನ ಮ್ಯಾಕ್ ವಿಳಾಸ ಇದು, ನನಗೊಂದು ಐಪಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ?” ಎಂದು ಕೂಗುತ್ತದೆ. ಈ ಸಂಭಾಷಣೆಯ ನಿಯಮಾವಳಿಗೆ ಡಿಎಚ್‌ಸಿಪಿ ಎಂದು ಹೆಸರು. ಸರ್ವರ್ ಐಪಿ ವಿಳಾಸದ ಜೊತೆಗೆ ಇನ್ನೆರಡು ಸಂಗತಿ ತಿಳಿಸುತ್ತದೆ: ಬೂಟ್ ಕಡತ ಯಾವ ಸರ್ವರ್‌ನಲ್ಲಿದೆ ಮತ್ತು ಆ ಕಡತದ ಹೆಸರೇನು.

ಎರಡನೆಯ ಹೆಜ್ಜೆ: ಕ್ಲೈಂಟ್ ಆ ಸಣ್ಣ ಬೂಟ್ ಕಡತವನ್ನು ಟಿಎಫ್‌ಟಿಪಿ ಎಂಬ ಸರಳ ವಿಧಾನದಿಂದ ತರಿಸಿಕೊಳ್ಳುತ್ತದೆ. ಮೂಲ ವಿಧಾನದಲ್ಲಿ 512 ಬೈಟ್‌ಗಳ ತುಂಡುಗಳಾಗಿ ಕಡತ ಬರುತ್ತದೆ. ಒಂದು ತುಂಡು ತಲುಪಿತು ಎಂದು ಹೇಳಿದ ಮೇಲೆಯೇ ಇನ್ನೊಂದು ತುಂಡು. ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದ ಹಾಗೆ.

ಮೂರನೆಯ ಹೆಜ್ಜೆ: ಆ ಬೂಟ್ ಕಡತ ಕೆಲಸ ಶುರುಮಾಡಿ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಮತ್ತು ಅದಕ್ಕೆ ಬೇಕಾದ ಆರಂಭದ ಕಡತಗಳನ್ನು ತರುತ್ತದೆ.

ನಾಲ್ಕನೆಯ ಹೆಜ್ಜೆ: ಕರ್ನೆಲ್ ಎದ್ದು, ಸರ್ವರ್‌ನಲ್ಲಿರುವ ದೊಡ್ಡ ಇಮೇಜ್ ಕಡತವನ್ನು ತನ್ನ ಡಿಸ್ಕ್ ಎಂಬಂತೆ ಬಳಸತೊಡಗುತ್ತದೆ. ಈ ಇಮೇಜ್ ಓದಲು ಮಾತ್ರ. ಅದರ ಮೇಲೆ ಕ್ಲೈಂಟ್ ಏನನ್ನೂ ಬರೆಯುವಂತಿಲ್ಲ. ಬರೆಯಲೇಬೇಕಾದದ್ದನ್ನು ರ‍್ಯಾಮ್‌ನಲ್ಲಿ ಬರೆದುಕೊಳ್ಳುತ್ತದೆ. ಸ್ವಿಚ್ ಆರಿಸಿದ ಕೂಡಲೇ ಅದು ಹೋಗುತ್ತದೆ. ಎಲೆ ಮಡಚಿ ಎಸೆದಂತೆ.

ಇವು ಒಂದೇ ದಿನ ಹುಟ್ಟಿದವಲ್ಲ. ಟಿಎಫ್‌ಟಿಪಿಯ ನಿಯಮಗಳು 1981ರಲ್ಲಿ ಪ್ರಕಟವಾದವು. ಡಿಸ್ಕ್ ಇಲ್ಲದ ಯಂತ್ರಕ್ಕೆ ವಿಳಾಸ ಮತ್ತು ಬೂಟ್ ಕಡತದ ಹೆಸರು ತಿಳಿಸುವ ಬೂಟ್‌ಪಿ 1985ರಲ್ಲಿ ಬಂತು. ಅದರ ಮುಂದುವರಿದ ರೂಪವೇ 1993ರ ಡಿಎಚ್‌ಸಿಪಿ. ಇವನ್ನೆಲ್ಲ ಒಗ್ಗೂಡಿಸಿ ಸಾಮಾನ್ಯ ಪಿಸಿಗಳಲ್ಲಿ ಜಾಲದಿಂದ ಬೂಟ್ ಆಗುವ ಪಿಎಕ್ಸ್‌ಇ ಎಂಬ ಕ್ರಮವನ್ನು ಇಂಟೆಲ್ ಕಂಪನಿ ರೂಪಿಸಿತು. ಅದರ 2.1ನೆಯ ಆವೃತ್ತಿ 1999ರದು. ಅದೇ 1999ರಲ್ಲಿ ಶುರುವಾದ ‘ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್’, ಚಿಕ್ಕದಾಗಿ ಎಲ್‌ಟಿಎಸ್‌ಪಿ, ಇದನ್ನು ಶಾಲೆಗಳ ಕೈಗೆಟಕುವಂತೆ ಮಾಡಿದ ಉಚಿತ ತಂತ್ರಾಂಶಗಳಲ್ಲಿ ಒಂದು. 2019ರಲ್ಲಿ ಅದನ್ನು ಹೊಸದಾಗಿ ಬರೆದರು. ಈ ಪಾಠದ ಉದಾಹರಣೆಗಳು ಆ ಹೊಸ ಆವೃತ್ತಿಯವು.

3. ಕ್ಲೈಂಟ್ ಯಂತ್ರದಲ್ಲೇ ಮಾಡಬೇಕಾದ ಸೆಟ್ಟಿಂಗ್

ಇದು ಬಹಳ ಕಡಿಮೆ. ಯಂತ್ರವನ್ನು ಹಾಕಿದ ಕೂಡಲೇ ಬಯೋಸ್ ಅಥವಾ ಅದರ ಹೊಸ ರೂಪವಾದ ಯುಇಎಫ್ಐ ಪರದೆಗೆ ಹೋಗಬೇಕು. ಅಲ್ಲಿ ಮೂರು ಕೆಲಸಗಳಿವೆ.

ಅ) ಜಾಲದಿಂದ ಬೂಟ್ ಆಗುವ ಸೌಲಭ್ಯವನ್ನು ಸಕ್ರಿಯಗೊಳಿಸುವುದು. ಕೆಲವು ಯಂತ್ರಗಳಲ್ಲಿ ಇದಕ್ಕೆ ‘ಪಿಎಕ್ಸ್‌ಇ ಬೂಟ್’ ಎಂದಿದ್ದರೆ ಕೆಲವದರಲ್ಲಿ ‘ನೆಟ್‌ವರ್ಕ್ ಸ್ಟ್ಯಾಕ್’ ಎಂದಿರುತ್ತದೆ.

ಆ) ಬೂಟ್ ಸರದಿಯಲ್ಲಿ ಜಾಲವನ್ನು ಮೊದಲ ಸ್ಥಾನಕ್ಕೆ ತರುವುದು.

ಇ) ಸೆಕ್ಯೂರ್ ಬೂಟ್ ಚಾಲನೆಯಲ್ಲಿದೆಯೇ ಎಂದು ನೋಡುವುದು. ಅದು ಚಾಲನೆಯಲ್ಲಿದ್ದರೆ, ಒಪ್ಪಿತ ಸಹಿಯಿಲ್ಲದ ಬೂಟ್ ಕಡತವನ್ನು ಯಂತ್ರ ಒಳಗೆ ಬಿಡುವುದಿಲ್ಲ.

ಹಳೆಯ ಬಯೋಸ್ ಯಂತ್ರಕ್ಕೂ ಯುಇಎಫ್ಐ ಯಂತ್ರಕ್ಕೂ ಬೇಕಾಗುವ ಬೂಟ್ ಕಡತ ಒಂದೇ ಅಲ್ಲ. ಕ್ಲೈಂಟ್ ವಿಳಾಸ ಕೇಳುವಾಗಲೇ ತಾನು ಯಾವ ಬಗೆಯ ಯಂತ್ರ ಎಂದೂ ಹೇಳುತ್ತದೆ. ಸರಿಯಾಗಿ ಹೊಂದಿಸಿದ ಸರ್ವರ್ ಅದನ್ನು ಕೇಳಿಸಿಕೊಂಡು ತಕ್ಕ ಕಡತದ ಹೆಸರನ್ನು ಕೊಡುತ್ತದೆ.

ಪೆಟ್ಟಿಗೆಯ ಮೇಲಿನ ಚೀಟಿಯಲ್ಲೋ ಬೂಟ್ ಆಗುವಾಗ ಪರದೆಯ ಮೇಲೋ ಕಾಣುವ ಮ್ಯಾಕ್ ವಿಳಾಸವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಯಾವ ಮೇಜಿನಲ್ಲಿ ಯಾವ ವಿಳಾಸ ಎಂಬ ಈ ಪಟ್ಟಿಯೇ ಮುಂದಿನ ಕೆಲಸಕ್ಕೆ ಹಾಜರಿ ಪುಸ್ತಕ.

4. ಸೆಟ್ಟಿಂಗ್ ಎಲ್ಲಿ ಬರೆಯಬೇಕು? ಮೂರು ಜಾಗಗಳು

ಈ ಪಾಠದ ಮುಖ್ಯ ಭಾಗ ಇದು. ಡಿಸ್ಕ್ ಇರುವ ಯಂತ್ರದಲ್ಲಿ ಎಲ್ಲ ಸೆಟ್ಟಿಂಗೂ ಆ ಯಂತ್ರದಲ್ಲೇ ಇರುತ್ತದೆ. ಎಲ್ಲಿ ಎಂದು ಯೋಚಿಸಬೇಕಾಗಿಲ್ಲ. ಡಿಸ್ಕ್ ರಹಿತ ಜಾಲದಲ್ಲಿ ಪ್ರತಿಯೊಂದು ಸೆಟ್ಟಿಂಗ್‌ಗೂ “ಇದು ಯಾರದು?” ಎಂಬ ಪ್ರಶ್ನೆ ಕೇಳಬೇಕು. ಉತ್ತರ ಮೂರರಲ್ಲಿ ಒಂದು ಆಗಿರುತ್ತದೆ.

ಎಲ್ಲರದು ಆದರೆ, ಇಮೇಜ್‌ನಲ್ಲಿ. ಪದಸಂಸ್ಕಾರಕ, ಬ್ರೌಸರ್, ಕನ್ನಡ ಅಕ್ಷರ ಶೈಲಿಗಳು, ಇವು ಕೊಠಡಿಯ ಎಲ್ಲ ಯಂತ್ರಗಳಿಗೂ ಬೇಕು. ಇವನ್ನು ಒಮ್ಮೆ ಸರ್ವರ್‌ನಲ್ಲಿ ಹಾಕಿ ‘ಎಲ್‌ಟಿಎಸ್‌ಪಿ ಇಮೇಜ್’ ಎಂಬ ಆಜ್ಞೆ ಕೊಟ್ಟರೆ ಹೊಸ ಇಮೇಜ್ ತಯಾರಾಗುತ್ತದೆ. ಇದು ಮಿಠಾಯಿಯ ಅಚ್ಚಿನ ಹಾಗೆ. ಅಚ್ಚನ್ನು ಸರಿಪಡಿಸಿದರೆ ಮುಂದೆ ಬರುವ ಎಲ್ಲ ತುಂಡುಗಳೂ ಸರಿಯಾಗುತ್ತವೆ. ಹೊಸದು ಕಾಣಬೇಕಾದರೆ ಕ್ಲೈಂಟನ್ನು ಮತ್ತೆ ಬೂಟ್ ಮಾಡಬೇಕು.

ಯಂತ್ರದ್ದು ಆದರೆ, ಸಂರಚನಾ ಕಡತದಲ್ಲಿ. ಯಂತ್ರದ ಹೆಸರು, ಒಂದು ಹಳೆಯ ಮಾನಿಟರಿಗೆ ಬೇಕಾದ ಪರದೆ ಅಳತೆ, ಗ್ರಂಥಾಲಯದ ಮೂಲೆಯ ಯಂತ್ರ ತಾನೇ ಲಾಗಿನ್ ಆಗಬೇಕೆಂಬ ಸೂಚನೆ, ಇವು ಅಲ್ಲಿ ಕುಳಿತವರು ಯಾರೇ ಆಗಿರಲಿ ಆ ಯಂತ್ರಕ್ಕೆ ಸೇರಿದವು. ಇವನ್ನು ಸರ್ವರ್‌ನಲ್ಲಿರುವ ‘ಎಲ್‌ಟಿಎಸ್‌ಪಿ ಡಾಟ್ ಕಾನ್ಫ್’ ಎಂಬ ಕಡತದಲ್ಲಿ ಬರೆಯುತ್ತಾರೆ. ಇದು ಬಡಿಸುವವರ ಕೈಯಲ್ಲಿರುವ ಚೀಟಿ.

ವಿದ್ಯಾರ್ಥಿಯದು ಆದರೆ, ಅವರ ಹೋಮ್ ಫೋಲ್ಡರ್‌ನಲ್ಲಿ. ನೀವು ಬರೆದ ಪ್ರಬಂಧ, ಬಿಡಿಸಿದ ಚಿತ್ರ, ನಿಮಗಿಷ್ಟವಾದ ಪರದೆಯ ಬಣ್ಣ, ನೀವು ಆರಿಸಿಕೊಂಡ ಕೀಲಿಮಣೆ ನಿಮ್ಮವು. ನೀವು ನಿಮ್ಮ ಹೆಸರು ಮತ್ತು ಗುಪ್ತಪದ ಕೊಟ್ಟು ಲಾಗಿನ್ ಆದಾಗ ಸರ್ವರ್‌ನಲ್ಲಿರುವ ನಿಮ್ಮ ಹೋಮ್ ಫೋಲ್ಡರ್ ನೀವಿರುವ ಕ್ಲೈಂಟಿಗೆ ಜೋಡಣೆಯಾಗುತ್ತದೆ. ಇವತ್ತು ಏಳನೆಯ ಮೇಜು, ನಾಳೆ ಹದಿನೈದನೆಯ ಮೇಜು. ಎಲ್ಲಿ ಕುಳಿತರೂ ನಿಮ್ಮ ಕಡತಗಳು ನಿಮ್ಮ ಹಿಂದೆಯೇ ಬರುತ್ತವೆ.

ಈಗ ನನ್ನ ತಪ್ಪು ಏನೆಂದು ನಿಮಗೆ ಹೊಳೆದಿರಬಹುದು. ಅಂದು ಮಕ್ಕಳು ಗುಪ್ತಪದವಿಲ್ಲದ ಅತಿಥಿ ಖಾತೆಯಲ್ಲಿ ಕುಳಿತಿದ್ದರು. ಅತಿಥಿಗೆ ಸರ್ವರ್‌ನಲ್ಲಿ ಸ್ವಂತ ಫೋಲ್ಡರ್ ಇರಲಿಲ್ಲ. ಅವರ ಡೆಸ್ಕ್‌ಟಾಪ್ ಇದ್ದದ್ದು ರ‍್ಯಾಮ್‌ನಲ್ಲಿ. ಡೆಸ್ಕ್‌ಟಾಪ್ ಮೇಲೆ ಉಳಿಸಿದ್ದು ತಪ್ಪಲ್ಲ. ಅದೇ ಮಕ್ಕಳು ತಮ್ಮ ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ ಡೆಸ್ಕ್‌ಟಾಪ್ ಮೇಲೆಯೇ ಉಳಿಸಿದ್ದರೆ ಎಲ್ಲವೂ ಸರ್ವರ್‌ನಲ್ಲಿ ಭದ್ರವಾಗಿರುತ್ತಿತ್ತು. “ಇದೇ ಜಾಗದಲ್ಲಿ ಕೂತು ಮುಂದುವರಿಸೋಣ” ಎಂಬ ನನ್ನ ಮಾತಿನಲ್ಲೇ ತಪ್ಪಿತ್ತು. ಜಾಗ ಮುಖ್ಯವಲ್ಲ, ಹೆಸರು ಮುಖ್ಯ.

5. ಸಂರಚನಾ ಕಡತ: ಒಂದು ಉದಾಹರಣೆ

ನಿಜವಾದ ಕಡತದಲ್ಲಿ ಇವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಇಲ್ಲಿ ನಮ್ಮ ಓದಿಗಾಗಿ ಕನ್ನಡದಲ್ಲಿ ಬರೆದಿದ್ದೇನೆ. ಮ್ಯಾಕ್ ವಿಳಾಸಗಳು ಪಾಠಕ್ಕಾಗಿ ಕಲ್ಪಿಸಿದವು.

[ಕ್ಲೈಂಟ್ಸ್]
ಕ್ರಾನ್‌ಟ್ಯಾಬ್_ಪವರ್‌ಆಫ್="30 14 * * * ರೂಟ್ ಪವರ್‌ಆಫ್"

[02:00:00:00:00:07]
ಹೋಸ್ಟ್‌ನೇಮ್=ಪಿಸಿ07
ಇನ್‌ಕ್ಲೂಡ್=ಹಳೆ_ಮಾನಿಟರ್

[02:00:00:00:00:12]
ಹೋಸ್ಟ್‌ನೇಮ್=ಪಿಸಿ12
ಆಟೋಲಾಗಿನ್=ಗ್ರಂಥಾಲಯ

[ಹಳೆ_ಮಾನಿಟರ್]
ಎಕ್ಸ್_ಮೋಡ್ಸ್='"1024×768"'

ಚೌಕ ಆವರಣದೊಳಗಿನದು ವಿಭಾಗದ ಹೆಸರು. ‘ಕ್ಲೈಂಟ್ಸ್’ ಎಂಬ ವಿಭಾಗ ಎಲ್ಲ ಕ್ಲೈಂಟ್‌ಗಳಿಗೂ ಅನ್ವಯಿಸುತ್ತದೆ. ಅಲ್ಲಿರುವ ಸಾಲಿನ ಅರ್ಥ: ಪ್ರತಿದಿನ ಮಧ್ಯಾಹ್ನ 2 ಗಂಟೆ 30 ನಿಮಿಷಕ್ಕೆ ಯಂತ್ರ ತಾನಾಗಿ ಆರಬೇಕು. ಇಲ್ಲಿ ನಿಮಿಷವನ್ನು ಮೊದಲು, ಗಂಟೆಯನ್ನು ಆಮೇಲೆ ಬರೆಯುತ್ತಾರೆ. ಗಂಟೆಯ ಲೆಕ್ಕ 24ರದು. ಆಮೇಲಿನ ಮೂರು ನಕ್ಷತ್ರಗಳು ಯಾವ ತಾರೀಖು, ಯಾವ ತಿಂಗಳು, ಯಾವ ವಾರವಾದರೂ ಸರಿ ಎಂದು ಹೇಳುತ್ತವೆ. ಸಂಜೆ ಬೀಗ ಹಾಕುವ ಮುನ್ನ ಒಂದೊಂದೇ ಯಂತ್ರವನ್ನು ಆರಿಸುತ್ತಾ ಹೋಗುವ ಕೆಲಸ ಈ ಒಂದು ಸಾಲಿನಿಂದ ತಪ್ಪುತ್ತದೆ.

ಎರಡನೆಯ ವಿಭಾಗದ ಹೆಸರೇ ಒಂದು ಮ್ಯಾಕ್ ವಿಳಾಸ. ಆ ವಿಳಾಸದ ಯಂತ್ರ ಬೂಟ್ ಆದಾಗ ಎಲ್ಲರ ಸಾಲುಗಳ ಜೊತೆಗೆ ತನ್ನ ಸಾಲುಗಳನ್ನೂ ಓದಿಕೊಳ್ಳುತ್ತದೆ: “ನನ್ನ ಹೆಸರು ಪಿಸಿ07. ನನಗೆ ಹಳೆಯ ಮಾನಿಟರ್ ಇದೆ.” ಮಾನಿಟರಿನ ವಿವರವನ್ನು ಬೇರೆ ವಿಭಾಗದಲ್ಲಿ ಬರೆದು ‘ಇನ್‌ಕ್ಲೂಡ್’ ಎಂದು ಕರೆದುಕೊಂಡಿರುವುದನ್ನು ಗಮನಿಸಿ. ನಾಳೆ ಒಂಬತ್ತನೆಯ ಮೇಜಿಗೂ ಅಂಥದೇ ಮಾನಿಟರ್ ಬಂದರೆ ಒಂದು ಸಾಲು ಸೇರಿಸಿದರೆ ಸಾಕು. ಮ್ಯಾಕ್ ವಿಳಾಸದ ಬದಲು ಐಪಿ ವಿಳಾಸ ಅಥವಾ ಯಂತ್ರದ ಹೆಸರಿನಲ್ಲಿಯೂ ವಿಭಾಗ ಮಾಡಬಹುದು.

ಮೂರನೆಯ ವಿಭಾಗದ ಆಟೋಲಾಗಿನ್ ಕೆಲಸ ಮಾಡಬೇಕಾದರೆ ಆ ಖಾತೆಯ ಗುಪ್ತಪದವನ್ನೂ ಕಡತದಲ್ಲಿ ಬರೆಯಬೇಕಾಗುತ್ತದೆ. ಅದನ್ನು ‘ಬೇಸ್64’ ಎಂಬ ರೂಪದಲ್ಲಿ ಬರೆಯುತ್ತಾರೆ. ಅದು ನೋಡಲು ಗೂಢಲಿಪಿಯಂತೆ ಕಂಡರೂ ಬೀಗವಲ್ಲ, ಬರೀ ಮುಸುಕು. ಯಾರು ಬೇಕಾದರೂ ತೆಗೆದು ಓದಬಹುದು. ಜೊತೆಗೆ ಟಿಎಫ್‌ಟಿಪಿ ಯಾರ ಗುರುತನ್ನೂ ಕೇಳದೆ ಕಡತ ಕೊಡುತ್ತದೆ. ಆದ್ದರಿಂದ ಪುಸ್ತಕದ ಪಟ್ಟಿ ನೋಡುವಂತಹ ಸಣ್ಣ ಕೆಲಸದ ಖಾತೆಯನ್ನು ಮಾತ್ರ ಹೀಗೆ ಇಡಬೇಕು. ಶಿಕ್ಷಕರ ಖಾತೆಯನ್ನಾಗಲಿ ನಿರ್ವಾಹಕರ ಖಾತೆಯನ್ನಾಗಲಿ ಎಂದೂ ಹೀಗೆ ಇಡಬಾರದು.

ಕಡತವನ್ನು ತಿದ್ದಿ ಉಳಿಸಿದರೆ ಕೆಲಸ ಮುಗಿಯಲಿಲ್ಲ. ‘ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ’ ಎಂಬ ಆಜ್ಞೆಯನ್ನೂ ಕೊಡಬೇಕು. ಆಗಲೇ ತಿದ್ದಿದ ಸಾಲುಗಳು ಕ್ಲೈಂಟಿಗೆ ಹೋಗುವ ಆರಂಭದ ಕಡತಗಳಲ್ಲಿ ಸೇರುತ್ತವೆ. “ಎಲ್ಲ ಸರಿಯಾಗಿ ಬರೆದೆ, ಏನೂ ಬದಲಾಗಲಿಲ್ಲ” ಎಂದು ತಲೆ ಕೆರೆದುಕೊಳ್ಳುವಾಗ ಮೊದಲು ನೋಡಬೇಕಾದದ್ದು ಈ ಮರೆತ ಆಜ್ಞೆಯನ್ನು.

6. ಕನ್ನಡ ಕೀಲಿಮಣೆ ಎಲ್ಲಿ ಸೇರುತ್ತದೆ?

ನನಗೆ ಬೇಕಾದ ವಿಷಯ ಇದೇ! ಡಿಸ್ಕ್ ಇರುವ ಇಪ್ಪತ್ತು ಯಂತ್ರಗಳಲ್ಲಿ ಕನ್ನಡ ಬರುವಂತೆ ಮಾಡಬೇಕಾದರೆ ಇಪ್ಪತ್ತು ಸಲ ಅದೇ ಕೆಲಸ ಮಾಡಬೇಕು. ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಒಂದೆರಡು ಯಂತ್ರಗಳಲ್ಲಿ ಯಾರೋ ಬದಲಿಸಿರುತ್ತಾರೆ.

ಡಿಸ್ಕ್ ರಹಿತ ಜಾಲದಲ್ಲಿ “ಇದು ಯಾರದು?” ಎಂದು ಕೇಳಿಕೊಳ್ಳೋಣ. ಕನ್ನಡ ಅಕ್ಷರ ಶೈಲಿ ಎಲ್ಲರದು. ಲೋಹಿತ್ ಕನ್ನಡ ಅಥವಾ ನೋಟೋ ಸಾನ್ಸ್ ಕನ್ನಡದಂತಹ ಯೂನಿಕೋಡ್ ಅಕ್ಷರ ಶೈಲಿಯನ್ನು ಇಮೇಜ್‌ನಲ್ಲಿ ಸೇರಿಸಬೇಕು. ಅದಿಲ್ಲದಿದ್ದರೆ ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣುತ್ತವೆ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡವೂ ಇರಬೇಕು ಎಂಬುದು ಎಲ್ಲರದು; ಅದನ್ನೂ ಸರ್ವರ್‌ನಲ್ಲಿ ಒಮ್ಮೆ ಹೊಂದಿಸಿ ಇಮೇಜ್ ಮಾಡಬೇಕು. ಆದರೆ ಯಾವ ವಿನ್ಯಾಸವನ್ನು ಬಳಸುತ್ತೇನೆ ಎಂಬುದು ಅವರವರ ಆಯ್ಕೆ. ಅದು ಹೋಮ್ ಫೋಲ್ಡರ್‌ನಲ್ಲಿ ಉಳಿಯುತ್ತದೆ.

ಲಿನಕ್ಸ್‌ನಲ್ಲಿ ಭಾರತದ ಕೀಲಿಮಣೆಗಳ ಅಡಿಯಲ್ಲಿ ಕನ್ನಡಕ್ಕೆ ಎರಡು ವಿನ್ಯಾಸಗಳು ಸಿಗುತ್ತವೆ. ಒಂದು, ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮವಿರುವ ಇನ್‌ಸ್ಕ್ರಿಪ್ಟ್. ಇನ್ನೊಂದು ‘ಕಗಪ’. ಈ ಹೆಸರು ಕನ್ನಡ ಗಣಕ ಪರಿಷತ್ತಿನದು. ಇದರ ಮೂಲದಲ್ಲಿರುವುದು ಕೆ. ಪಿ. ರಾವ್ ಅವರು ರೂಪಿಸಿದ ಧ್ವನಿ ಆಧಾರಿತ ವಿನ್ಯಾಸ. ಊರಿನಲ್ಲಿ ನುಡಿ ತಂತ್ರಾಂಶ ಬಳಸಿ ಅಭ್ಯಾಸವಿರುವ ಪೋಷಕರಿಗೆ ಇದು ಕೂಡಲೇ ಕೈಗೆ ಹತ್ತುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಮೊದಲು ಕಲಿತಿರುವ ನಮ್ಮ ಮಕ್ಕಳಿಗೂ ಇದು ಸುಲಭ: ಕೆ ಒತ್ತಿದರೆ ಕ, ಎಂ ಒತ್ತಿದರೆ ಮ, ಒತ್ತಕ್ಷರಕ್ಕೆ ನಡುವೆ ಎಫ್.

7. ಯಂತ್ರ ಏಳದಿದ್ದರೆ: ಎಲ್ಲಿ ನಿಂತಿತು ಎಂದು ನೋಡಿ

ಎರಡನೆಯ ಭಾಗದ ನಾಲ್ಕು ಹೆಜ್ಜೆಗಳು ನೆನಪಿದ್ದರೆ ದೋಷ ಹುಡುಕುವುದು ಸುಲಭ. ಬಯೋಸ್ ಇರುವ ಹಳೆಯ ಯಂತ್ರಗಳಲ್ಲಿ ಪರದೆಯ ಮೇಲೆ ಒಂದು ಸಂಕೇತ ಕಾಣುತ್ತದೆ.

ಪಿಎಕ್ಸ್‌ಇ-ಇ61: ಕೇಬಲ್ಲೇ ಸರಿಯಾಗಿ ಜೋಡಣೆಯಾಗಿಲ್ಲ. ಮೊದಲು ಮೇಜಿನ ಕೆಳಗೆ ಬಗ್ಗಿ ನೋಡಿ.

ಪಿಎಕ್ಸ್‌ಇ-ಇ51: ಕ್ಲೈಂಟ್ ಕೂಗಿತು, ಯಾರೂ ಓಗೊಡಲಿಲ್ಲ. ಡಿಎಚ್‌ಸಿಪಿ ಸೇವೆ ನಿಂತಿದೆ ಅಥವಾ ಕ್ಲೈಂಟಿನ ಕೂಗು ಅದಕ್ಕೆ ತಲುಪುತ್ತಿಲ್ಲ.

ಪಿಎಕ್ಸ್‌ಇ-ಇ53: ವಿಳಾಸ ಸಿಕ್ಕಿತು, ಬೂಟ್ ಕಡತದ ಹೆಸರು ಸಿಗಲಿಲ್ಲ.

ಪಿಎಕ್ಸ್‌ಇ-ಇ32: ಹೆಸರೂ ಸಿಕ್ಕಿತು, ಕಡತ ಕೊಡಬೇಕಾದ ಟಿಎಫ್‌ಟಿಪಿ ಉತ್ತರಿಸುತ್ತಿಲ್ಲ.

ಯುಇಎಫ್ಐ ಯಂತ್ರಗಳಲ್ಲಿ ಸಂಖ್ಯೆಗಳು ಬೇರೆಯಾಗಿದ್ದರೂ ಹೆಜ್ಜೆಗಳು ಇವೇ. ಇ53 ಬಂದರೆ ಸಾಮಾನ್ಯವಾಗಿ ಇಂಟರ್ನೆಟ್‌ಗಾಗಿ ಇಟ್ಟಿರುವ ರೂಟರ್ ಕಡೆಗೆ ನೋಡಬೇಕು. ಅದಕ್ಕೂ ವಿಳಾಸ ಹಂಚುವ ಅಭ್ಯಾಸವಿರುತ್ತದೆ, ಆದರೆ ಬೂಟ್ ಕಡತದ ವಿಷಯ ಅದಕ್ಕೆ ಗೊತ್ತಿಲ್ಲ. ಇಬ್ಬರು ಯಜಮಾನರಿರುವ ಮನೆಯಂತೆ, ಒಂದೇ ಜಾಲದಲ್ಲಿ ಇಬ್ಬರು ವಿಳಾಸ ಹಂಚಿದರೆ ಗೊಂದಲವಾಗುತ್ತದೆ. ವಿಳಾಸವನ್ನು ರೂಟರ್ ಹಂಚಲಿ, ಬೂಟ್ ಕಡತದ ವಿಷಯವನ್ನು ಮಾತ್ರ ನಮ್ಮ ಸರ್ವರ್ ಹೇಳಲಿ ಎಂದು ಕೆಲಸ ಹಂಚಿಕೊಳ್ಳುವ ‘ಪ್ರಾಕ್ಸಿ ಡಿಎಚ್‌ಸಿಪಿ’ ಎಂಬ ಕ್ರಮ ಇದಕ್ಕೆ ಪರಿಹಾರ.

8. ಅನುಕೂಲ ಮತ್ತು ಮಿತಿ

ಒಂದು ಕಡೆ ಸರಿಪಡಿಸಿದರೆ ಎಲ್ಲ ಕಡೆ ಸರಿಯಾಗುತ್ತದೆ. ಕ್ಲೈಂಟಿನಲ್ಲಿ ಕೆಡುವ ಡಿಸ್ಕ್ ಇಲ್ಲ. ಯಾರಾದರೂ ಏನಾದರೂ ಕೆಡಿಸಿದರೆ ಮತ್ತೆ ಬೂಟ್ ಮಾಡಿದರೆ ಸಾಕು. ಇವು ಅನುಕೂಲಗಳು. ಆದರೆ ಸರ್ವರ್ ನಿಂತರೆ ಇಡೀ ಕೊಠಡಿ ನಿಲ್ಲುತ್ತದೆ. ಅಡುಗೆಮನೆಯಲ್ಲಿ ಒಲೆ ಆರಿದರೆ ಪಂಕ್ತಿಯೆಲ್ಲ ಉಪವಾಸ ಕೂರುವಂತೆ. ಹಾಗಾಗಿ ಸರ್ವರ್‌ಗೆ ಯುಪಿಎಸ್ ಬೇಕು, ಹೋಮ್ ಫೋಲ್ಡರ್‌ಗಳ ಪ್ರತಿಯನ್ನು ಬೇರೆ ಕಡೆ ತೆಗೆದಿಡಲೇಬೇಕು.

ಜಾಲದ ವೇಗವೂ ಮುಖ್ಯ. ಒಂದು ಲೆಕ್ಕ ಮಾಡೋಣ. ಇಪ್ಪತ್ತು ಯಂತ್ರಗಳು ಒಟ್ಟಿಗೆ ಎದ್ದು ತಲಾ 100 ಮೆಗಾಬೈಟ್ ತರಿಸಿಕೊಂಡವು ಎನ್ನೋಣ. ಒಟ್ಟು 2,000 ಮೆಗಾಬೈಟ್. ಒಂದು ಬೈಟ್‌ಗೆ 8 ಬಿಟ್. ಅಂದರೆ 16,000 ಮೆಗಾಬಿಟ್. ಸರ್ವರ್‌ನಿಂದ ಹೊರಡುವ ಕೇಬಲ್ ಸೆಕೆಂಡಿಗೆ 100 ಮೆಗಾಬಿಟ್‌ನದಾದರೆ ಕಡಿಮೆಯೆಂದರೂ 160 ಸೆಕೆಂಡು ಬೇಕು. ಅದೇ 1,000 ಮೆಗಾಬಿಟ್‌ನದಾದರೆ 16 ಸೆಕೆಂಡು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

9. ಪೋಷಕರಿಗೆ ಒಂದು ಮಾತು

ನಿಮ್ಮ ಮಗು ಬೇರೆ ಬೇರೆ ಕಡೆ ಕುಳಿತು ಕೆಲಸ ಮಾಡುತ್ತದೆ: ಶಾಲೆಯಲ್ಲಿ, ಗ್ರಂಥಾಲಯದಲ್ಲಿ, ಸ್ನೇಹಿತರ ಮನೆಯಲ್ಲಿ. “ಉಳಿಸಿದ್ದೀಯಾ?” ಎಂದು ಕೇಳುವುದರ ಜೊತೆಗೆ “ಯಾರ ಹೆಸರಿನಲ್ಲಿ ಉಳಿಸಿದ್ದೀಯಾ? ಅದು ಈಗ ಎಲ್ಲಿದೆ?” ಎಂದೂ ಕೇಳಿ. ತನ್ನ ಗುಪ್ತಪದವನ್ನು ಗೆಳೆಯರಿಗೆ ಕೊಡದಿರುವುದನ್ನು ಮಗು ಮನೆಯ ಕೀಲಿಕೈಯಷ್ಟೇ ಗಂಭೀರವಾಗಿ ಕಲಿಯಲಿ.

ಆ ಹುಡುಗಿ ಏನು ಮಾಡಿದಳು ಎಂದು ಕೇಳುತ್ತೀರಾ? ಅವಳು ಅಜ್ಜಿಗೆ ಮತ್ತೊಮ್ಮೆ ಫೋನ್ ಮಾಡಿದಳು. ಎರಡನೆಯ ಸಲ ತನ್ನ ಹೆಸರಿನಲ್ಲಿ ಲಾಗಿನ್ ಆಗಿ ಬರೆದಳು. ಮುಗಿಸಿದ ಮೇಲೆ ತಾನಾಗಿಯೇ ಎದ್ದು ಹೋಗಿ ಬೇರೆ ಮೇಜಿನಲ್ಲಿ ಲಾಗಿನ್ ಆದಳು. ಅಲ್ಲಿ ತನ್ನ ಪ್ರಬಂಧ ತೆರೆದುಕೊಂಡಾಗ ನನ್ನ ಕಡೆ ತಿರುಗಿ ನೋಡಿ ನಕ್ಕಳು. ನಾನೂ ಅಂದಿನಿಂದ ಯಾವ ಕೊಠಡಿಗೆ ಮಕ್ಕಳನ್ನು ಕರೆದುಕೊಂಡು ಹೋದರೂ ಮೊದಲು ಒಂದು ಪದ ಟೈಪ್ ಮಾಡಿ ಉಳಿಸಿ, ಯಂತ್ರವನ್ನು ಆರಿಸಿ, ಮತ್ತೆ ಹಾಕಿ, ಆ ಪದ ಇದೆಯೇ ಎಂದು ನೋಡಿದ ಮೇಲೆಯೇ ಪಾಠ ಶುರುಮಾಡುತ್ತೇನೆ.

ಅಭ್ಯಾಸ

1. ಇವು ಎಲ್ಲರದೋ, ಯಂತ್ರದ್ದೋ, ವಿದ್ಯಾರ್ಥಿಯದೋ ಹೇಳಿ: ಪರದೆಯ ಹಿನ್ನೆಲೆ ಚಿತ್ರ, ಕನ್ನಡ ಅಕ್ಷರ ಶೈಲಿ, ಹಳೆಯ ಮಾನಿಟರಿನ ಅಳತೆ, ವಿಜ್ಞಾನದ ಪ್ರಾಜೆಕ್ಟ್ ಕಡತ, ಯಂತ್ರದ ಹೆಸರು.

2. ಯಂತ್ರಗಳು ಮಧ್ಯಾಹ್ನ 1 ಗಂಟೆ 45 ನಿಮಿಷಕ್ಕೆ ಆರಬೇಕಾದರೆ ಐದನೆಯ ಭಾಗದ ಮೊದಲ ಸಾಲನ್ನು ಹೇಗೆ ತಿದ್ದುತ್ತೀರಿ? ತಿದ್ದಿದ ಮೇಲೆ ಯಾವ ಆಜ್ಞೆ ಕೊಡಬೇಕು?

3. ಒಂದು ಯಂತ್ರದ ಜಾಲ ಕಾರ್ಡ್ ಕೆಟ್ಟು ಹೊಸದನ್ನು ಹಾಕಿದರು. ಯಂತ್ರ ಬೂಟ್ ಆಯಿತು, ಆದರೆ ಅದಕ್ಕೆಂದೇ ಬರೆದಿದ್ದ ಸೆಟ್ಟಿಂಗ್‌ಗಳು ಬರಲಿಲ್ಲ. ಕಾರಣವೇನು?

4. ಮೂವತ್ತು ಯಂತ್ರಗಳು ತಲಾ 150 ಮೆಗಾಬೈಟ್ ತರಿಸಿಕೊಳ್ಳಲು 1,000 ಮೆಗಾಬಿಟ್ ಕೇಬಲ್‌ನಲ್ಲಿ ಕಡಿಮೆಯೆಂದರೆ ಎಷ್ಟು ಸೆಕೆಂಡು ಬೇಕು?

5. ನಿಮ್ಮ ಅಜ್ಜಿಗೆ ಫೋನ್ ಮಾಡಿ, ಅವರ ಊರಿನ ಐದು ಗಿಡಗಳ ಹೆಸರು ಕೇಳಿ, ಕನ್ನಡದಲ್ಲಿ ಟೈಪ್ ಮಾಡಿ. ನಿಮ್ಮ ಹೆಸರಿನಲ್ಲೇ ಉಳಿಸಿ!